ಮಹಾದೇವಕ್ಕನ ದಂಡದ ರೊಟ್ಟಿ

ಮಹಾದೇವಕ್ಕ ದಿನಕ್ಕೆ ಒಂದೇ ಬೆಂಕಿಕಡ್ಡಿ ಗೀರುತ್ತಿದ್ದಳು. ಸೇಡಂ ರಸ್ತೆಯ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದ ಆಕೆಗೆ ಗಾಳಿಯಿರಲಿ, ಮಳೆಯಿರಲಿ, ಒಲೆ ಹೊತ್ತಿಸಲು ಒಂದೇ ಕಡ್ಡಿ ಸಾಕು. ಅಪ್ಪಿತಪ್ಪಿ ಎರಡನೆಯದು ಬೇಕಾದರೆ ಮೊದಲ ರೊಟ್ಟಿ ಓಣಿಯ ನಾಯಿಗೆ. "ದಂಡ ರೀ, ನನಗ ನಾನೇ ಹಾಕ್ಕೊಂಡೀನಿ," ಎನ್ನುತ್ತಿದ್ದಳು. ಪಾಪ, ಆ ನಾಯಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು.

ನಾನು ಶಾಲೆಯ ಮಾಸ್ತರ. ಕಮಲಾಪುರದ ಶಿಬಿರದಲ್ಲಿ ಕಡ್ಡಿಪೆಟ್ಟಿಗೆ ಇಲ್ಲದೆ ಬೆಂಕಿ ಮಾಡಿ ತೋರಿಸುತ್ತೇನೆಂದು ಮಕ್ಕಳ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅದಕ್ಕೆಂದೇ ಫೆರೋ ರಾಡ್ ತರಿಸಿದೆ. ಬೆರಳುದ್ದದ ಸರಳು, ಜೊತೆಗಿರುವ ಉಕ್ಕಿನ ಚೂರಿನಿಂದ ಕೆರೆದರೆ ಕಿಡಿ ಉದುರುತ್ತದೆ. ಎರಡು ದಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕೆರೆದೆ. ಪ್ರತಿ ಸಲವೂ ಕೈ ಮುಂದೆ ನುಗ್ಗಿ ಒಣಹುಲ್ಲಿನ ಗುಡ್ಡೆ ಚೆಲ್ಲಾಪಿಲ್ಲಿಯಾಗುತ್ತಿತ್ತು. ಮಕ್ಕಳೆದುರು ಮಾನ ಹೋಗುವುದು ಖಾತ್ರಿಯಾಯಿತು.

ಗೋಡೆಯಾಚೆಯಿಂದ ನೋಡಿ ನೋಡಿ ಸಾಕಾಗಿ ಮಹಾದೇವಕ್ಕ ಬಂದಳು.

"ಏನ್ ಮಾಡ್ಲಾಕತ್ತೀರಿ ಸರ? ಕಡ್ಡಿಪೆಟ್ಟಿಗಿ ಇಲ್ಲಂದ್ರ ನಾ ಕೊಡ್ತೀನಲ್ಲ."

ಸಂಗತಿ ಹೇಳಿದೆ. ನನ್ನೆದುರು ಕೂತು ಇನ್ನೊಂದು ಸಲ ಮಾಡಿಸಿ ನೋಡಿದಳು.

"ಈಳಗಿ ಮ್ಯಾಲ ಬದ್ನಿಕಾಯಿ ಹೆಚ್ಚೂಮುಂದ ಈಳಗಿ ಅಲ್ಲಾಡತದೇನ್ರಿ? ಕಾಯಿ ಸರೀತದ. ಇದೂ ಹಂಗೇ. ಚೂರು ಅಲ್ಲೇ ಗಟ್ಟಿ ಹಿಡೀರಿ, ಸರಳು ಹಿಂದಕ್ಕ ಎಳೀರಿ."

ಆಕೆಯ ತವರು ಕಮಲಾಪುರ. ಅಲ್ಲಿಂದ ತಂದ ಕೆಂಪು ಬಾಳೆಗೊನೆಗೆ ಕಟ್ಟಿದ್ದ ಒಣ ನಾರನ್ನು ಮನೆಯಿಂದ ತಂದು, ಅಂಗೈಯಲ್ಲಿ ತಿಕ್ಕಿ, ಹತ್ತಿಯಂತೆ ಅರಳಿಸಿ, ಹುಲ್ಲಿನ ಜಾಗದಲ್ಲಿಟ್ಟಳು. ಆಮೇಲೆ ತಾನೇ ಸರಳನ್ನು ಒಮ್ಮೆ ಎಳೆದಳು. ಭಗ್ಗನೆ ಹೊತ್ತಿತು. ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಶಿಬಿರದ ದಿನ ತವರಿನಲ್ಲೇ ಇದ್ದ ಮಹಾದೇವಕ್ಕ ರೊಟ್ಟಿಗಂಟು ಹೊತ್ತು ಬಂದು ಮಕ್ಕಳ ಹಿಂದೆ ನಿಂತಳು. ಮೊದಲ ಎಳೆತ ಹುಸಿಯಾಯಿತು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ನಾರು ಹೊತ್ತಿತು, ಮಕ್ಕಳು ಹೋ ಎಂದು ಕೂಗಿದರು. ನಾನು ಬೀಗುತ್ತಾ ಆಕೆಯತ್ತ ನೋಡಿದರೆ ಎರಡು ಬೆರಳು ಎತ್ತಿ ಹಿಡಿದಿದ್ದಳು.

"ಎರಡು ರೊಟ್ಟಿ ದಂಡ ಆತ್ರಿ ಸರ."

ಊಟದ ಹೊತ್ತಿಗೆ ನನ್ನ ಪಾಲಿನ ಎರಡು ರೊಟ್ಟಿ ಕಮಲಾಪುರದ ನಾಯಿಯ ಹೊಟ್ಟೆ ಸೇರಿದವು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಹೋದ ಚಳಿಗಾಲದಲ್ಲಿ ಮಹಾದೇವಕ್ಕ ತೀರಿಕೊಂಡಳು. ಈ ಸಲದ ಶಿಬಿರದಲ್ಲಿ ಒಂದೇ ಎಳೆತಕ್ಕೆ ಬೆಂಕಿ ಹೊತ್ತಿತು. ಹಿಗ್ಗಿ ಮಕ್ಕಳ ಹಿಂದೆ ನೋಡಿದೆ. ಎಣಿಸುವವರು ಯಾರೂ ಇರಲಿಲ್ಲ. ದಂಡವೇನೂ ಇರದಿದ್ದರೂ ಮೊದಲ ರೊಟ್ಟಿಯನ್ನು ನಾಯಿಗೇ ಹಾಕಿದೆ.