ಐಸ್ ರಿಂಕಿಗೆ ಜಾಗ ನೋಡಿದ್ದು

ನಮ್ಮ ಸಾಗರ ಪೇಟೆಯಲ್ಲಿ ಐಸ್ ರಿಂಕ್, ಅಂದರೆ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಆಡುವ ಅಂಗಳ, ಕಟ್ಟಲು ಸಾಧ್ಯವೇ ನೋಡಿ ವರದಿ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ಹೊಳೆದದ್ದು, ಇದರಲ್ಲಿ ಯಾರಿಗೆ ಲಾಭ ಎಂಬ ಪ್ರಶ್ನೆ. ನಾನು ವಿದ್ಯುತ್ ಇಲಾಖೆಗೆ ಲೈನ್‌ಮನ್ ಆಗಿ ಸೇರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಮೀಟರಿಗೆ ಅಯಸ್ಕಾಂತ ಇಟ್ಟವರನ್ನೂ ದೇವರ ಕಾರ್ಯದ ಹೆಸರಲ್ಲಿ ತಂತಿಗೆ ಕೊಕ್ಕೆ ಹಾಕಿದವರನ್ನೂ ನೋಡಿ ನೋಡಿ, ಮನುಷ್ಯರ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಯಾರಾದರೂ ಕರೆದು ಚಹಾ ಕುಡಿಸಿದರೂ ಯಾಕಿರಬಹುದು ಎಂದು ಸಂಜೆವರೆಗೆ ತಲೆ ಕೆಡಿಸಿಕೊಳ್ಳುತ್ತೇನೆ.

ಕೇಳಿದವರು ಪೇಟೆಯ ಬಟ್ಟೆ ಅಂಗಡಿಯ ಮಾಲೀಕರು. ರಿಂಕ್ ಸಮಿತಿಗೆ ಅವರೇ ಅಧ್ಯಕ್ಷರು. ಅವರ ಮೊಮ್ಮಗಳು ಕಲ್ಯಾಣ ಮಂಟಪದ ಎದುರಿನ ರಸ್ತೆಯಲ್ಲಿ ಬಿದ್ದೆದ್ದು ಚಕ್ರದ ಸ್ಕೇಟಿಂಗ್ ಕಲಿತಿದ್ದಳು. ಮೊಬೈಲಿನಲ್ಲಿ ನೋಡಿ ಈಗ ಮಂಜುಗಡ್ಡೆಯ ಮೇಲೆ ಆಡುವ ಆಸೆ. "ಸಾಗರ, ಹೊಸನಗರ, ತೀರ್ಥಳ್ಳಿ, ಮೂರೂ ಕಡೆ ಮಕ್ಕಳಿಗೆ ಆಗ್ತದೆ, ನೀವೊಬ್ರು ಕರೆಂಟು ನೀರು ಜಾಗ ನೋಡ್ಕೊಡಿ" ಎಂದರು. ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೂ ನೀರಾಗುವ ಊರು ನಮ್ಮದು. ಮೊಮ್ಮಗಳು ನೆಪ, ಕಣ್ಣು ಸಮಿತಿ ಕೇಳಿದ್ದ ಸರ್ಕಾರಿ ಜಾಗದ ಮೇಲೆ, ಹತ್ತು ವರ್ಷ ಬಿಟ್ಟು ನೋಡಿದರೆ ಅಲ್ಲಿ ಇನ್ನೊಂದು ಕಲ್ಯಾಣ ಮಂಟಪ ಎದ್ದಿರುತ್ತದೆ ಎಂದುಕೊಂಡೆ.

ನಾನು ಒಪ್ಪಿದ್ದೇ ಹುಳುಕು ಹುಡುಕಲು. ಎರಡು ತಿಂಗಳು ಹುಡುಕಿದೆ. ಕರೆಂಟಿನ ದೊಡ್ಡ ಲೈನು ಜಾಗದ ಪಕ್ಕದಲ್ಲೇ ಹಾದುಹೋಗಿತ್ತು, ಒಂದು ದೊಡ್ಡ ಅಕ್ಕಿ ಗಿರಣಿಗೆ ಕೊಟ್ಟ ಹಾಗೆ ಇದಕ್ಕೂ ಕೊಡಬಹುದಿತ್ತು. ನೀರಿಗೆ ತೊಂದರೆ ಇರಲಿಲ್ಲ. ಮಳೆಗಾಲದ ತೇವದ ಗಾಳಿಗೆ ಮಂಜುಗಡ್ಡೆಯ ಮೇಲೆ ಹೊಗೆಯಂತೆ ಮಬ್ಬು ಕವಿದು ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ ಎಂದು ಒಂದು ಪುಸ್ತಕದಲ್ಲಿ ಓದಿ ಖುಷಿಪಟ್ಟೆ. ಮುಂದಿನ ಪುಟದಲ್ಲೇ ಗಾಳಿ ಒಣಗಿಸುವ ಯಂತ್ರದ ವಿವರ ಇತ್ತು. ಕೂತು ಲೆಕ್ಕ ಹಾಕಿದರೆ ಅದೂ ಸಮಿತಿಯ ಕೈಗೆಟುಕುವಂತಿತ್ತು. ಸಮಿತಿಯ ಕಾಗದಪತ್ರ ತರಿಸಿ ಓದಿದೆ. ಜಾಗವನ್ನು ಬೇರೆ ಯಾವ ಕೆಲಸಕ್ಕೂ ಬಳಸುವಂತಿಲ್ಲ ಎಂದು ಅಧ್ಯಕ್ಷರು ತಾವೇ ಷರತ್ತು ಹಾಕಿಸಿದ್ದರು. ನನಗೆ ಬೇಜಾರಾಯಿತು ಎಂದರೆ ನಗಬೇಡಿ.

ಉಳಿದದ್ದು ಜಾಗ ಅಳೆಯುವುದು. ಇಕ್ಕೇರಿ ಕಡೆಯ ರಸ್ತೆಯಿಂದ ಸ್ವಲ್ಪ ಒಳಗೆ. ಕೈಗೆ ಕೊಟ್ಟಿದ್ದ ದಾಖಲೆಯಲ್ಲಿ "ಖಾಲಿ ಜಾಗ" ಎಂದಿತ್ತು. ಹೋಗಿ ನೋಡಿದರೆ ಬಾಳೆ ಗೊನೆ ಹಾಕಿತ್ತು. ಟೇಪು ಬಿಚ್ಚುತ್ತಿದ್ದಂತೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಎದುರು ಬಂದು ನಿಂತರು.

"ನಂದಲ್ಲ ಸಾರ್ ಇದು. ನಾ ಸೊಪ್ಪಿಗೆ ಬಂದಿದ್ದೆ."

ಕೈಯಲ್ಲಿ ಸೊಪ್ಪು ಕೊಯ್ಯುವ ಕತ್ತಿ ಇರಲಿಲ್ಲ.

"ಬಾಳೆ ಯಾರದ್ದಮ್ಮ?"

"ಅದು ತನ್ನಷ್ಟಕ್ಕೇ ಹುಟ್ಟಿರ್ಬೇಕು."

"ಸಾಲು ಹಿಡ್ದು ಹುಟ್ಟಿದಾವಲ್ಲ."

ಆಕೆ ನಗಲಿಲ್ಲ. ನಾನು ಟೇಪು ಸುತ್ತಿಕೊಂಡ ಮೇಲೆ ಬಾಳೆಯ ಹಿಂದಿದ್ದ ತಮ್ಮ ಗುಡಿಸಲಿಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದರು. ಒಳಗೆ ಹಳದಿಗಟ್ಟಿದ ರಸೀದಿಗಳು. ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡಿದ್ದಕ್ಕೆ ಆಕೆಯ ಗಂಡ ಯಾವ ಕಾಲದಲ್ಲೋ ಕಟ್ಟಿದ ದಂಡದ ರಸೀದಿಗಳು. ದಂಡ ಹಾಕಿದ ಚೀಟಿಯನ್ನೇ ಹಕ್ಕುಪತ್ರದಂತೆ ಕಾಪಾಡಿಕೊಳ್ಳುವುದು ನಮ್ಮ ಕಡೆಯ ರೂಢಿ. ನಾವು ಇಲ್ಲಿದ್ದೆವು ಎಂದು ಸರ್ಕಾರ ಬರೆದುಕೊಟ್ಟದ್ದು ಅದೊಂದೇ. "ಅಲ್ಲಿಂದ್ಲೇ ನೋಡಿ, ಕೈಗೆ ಕೊಡೂದಿಲ್ಲ" ಎಂದರು. ಸರಿಯೇ ಅನ್ನಿಸಿತು.

ನಮ್ಮ ಮನೆಯಲ್ಲೂ ಅಂಥದ್ದೇ ಕಥೆ. ಶರಾವತಿಗೆ ಅಣೆಕಟ್ಟು ಕಟ್ಟಿ ಊರು ಮುಳುಗಿದಾಗ ನಾನು ತೊಟ್ಟಿಲಲ್ಲಿದ್ದೆ. ಅಪ್ಪ ಉಳುತ್ತಿದ್ದ ಜಮೀನು ಯಾರೋ ಬರೆದ ಪಟ್ಟಿಯಲ್ಲಿ ಖಾಲಿ ಎಂದಿತ್ತಂತೆ, ಅದಕ್ಕೆ ಪರಿಹಾರ ಏನೂ ಸಿಗಲಿಲ್ಲ. ಸಾಯುವವರೆಗೂ ಅಪ್ಪ ಯಾವ ಕಾಗದಕ್ಕೂ ರುಜು ಹಾಕಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಹೆಬ್ಬೆಟ್ಟು ಒತ್ತಿದ್ದು ಅಮ್ಮ. ಆ ಡ್ಯಾಮಿನ ಕರೆಂಟನ್ನೇ ಮನೆಮನೆಗೆ ಎಳೆದು ನಾನು ಸಂಬಳ ತಿಂದೆ.

ಈಗ ವರದಿಯಲ್ಲಿ ಏನು ಬರೆಯುವುದು? ಜಾಗ ಖಾಲಿ ಎಂದರೆ ಬಾಳೆಯ ಮೇಲೆ ರಿಂಕ್ ಬರುತ್ತದೆ. ಅಲ್ಲೊಬ್ಬರು ಇದ್ದಾರೆ ಎಂದರೆ ಒತ್ತುವರಿ ಎಂದು ಆಕೆಗೆ ನೋಟಿಸ್ ಬರುತ್ತದೆ. ಎರಡರಲ್ಲೂ ಆಕೆ ಎದ್ದು ಹೋಗಬೇಕು. ಬೇರೆ ಜಾಗ ನೋಡಿ ಎಂದರೂ, ಯಾಕೆ ಎಂದು ಕೇಳಿಕೊಂಡು ಯಾರಾದರೂ ಇಲ್ಲಿಗೇ ಬರುತ್ತಾರೆ. ನಾಲ್ಕು ದಿನ ಸಿಕ್ಕಿದ್ದಕ್ಕೆಲ್ಲ ಸಿಡುಕಿ, ಐದನೆಯ ದಿನ ಸುಳ್ಳು ಬರೆದೆ. ಮಳೆಗಾಲದ ತೇವಕ್ಕೆ ಈ ಭಾಗದಲ್ಲಿ ಎಲ್ಲಿ ಕಟ್ಟಿದರೂ ಮಂಜುಗಡ್ಡೆ ನಿಲ್ಲದು, ಗಾಳಿ ಒಣಗಿಸುವ ಖರ್ಚು ಸಮಿತಿಯ ಶಕ್ತಿಗೆ ಮೀರಿದ್ದು ಎಂದು. ಜಾಗದ ವಿಚಾರಕ್ಕೆ ಹೋಗಲೇ ಇಲ್ಲ. ಜೀವಮಾನವಿಡೀ ಬೇರೆಯವರ ಲೆಕ್ಕ ಸುಳ್ಳೆಂದು ಹಿಡಿದವನು ನನ್ನದೇ ಲೆಕ್ಕದ ಹಾಳೆ ಹರಿದು ಬಚ್ಚಲ ಒಲೆಗೆ ಹಾಕಿದೆ.

ಅಧ್ಯಕ್ಷರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾರು ಬರ್ಸಿದ್ರು ಇದನ್ನ ನಿಮ್ಮ ಹತ್ರ?"

ಅವರ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದ ಪ್ರಶ್ನೆಯೇ ಅದು. ಎದ್ದು ಹೊರಟೆ. ಅಂಗಡಿಯ ಮೆಟ್ಟಿಲಲ್ಲಿ ಆ ಹುಡುಗಿ ಕೂತು ಸ್ಕೇಟಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡದೆ ದಾಟಿ ಬಂದೆ.

ಮರುದಿನ ಇಕ್ಕೇರಿ ಕಡೆ ಹೋದೆ. ಆಕೆಗಾದರೂ ವಿಷಯ ತಿಳಿಯಲಿ, ನೆಮ್ಮದಿಯಾಗಿರಲಿ ಎಂಬ ಆಸೆ. ಒಂದು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತು, ಮುಚ್ಚಿಡುವುದೇಕೆ. "ಇಲ್ಲಿ ಏನೂ ಕಟ್ಟೂದಿಲ್ಲಮ್ಮ, ಆಗೂದಿಲ್ಲ ಅಂತ ನಾನೇ ಬರ್ದು ಕೊಟ್ಟೆ" ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಹಂಗಾರೆ ನಿಮಗೆಷ್ಟು ಗುಂಟೆ ಬೇಕು ಸಾರ್?" ಎಂದು ಕೇಳಿದರು.

ನನಗೇನೂ ಬೇಡ ಎಂದೆ. ಆಕೆಯ ಮುಖದಲ್ಲಿ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.