ಮೋತ್ಯಾನ ಕೊರಳಪಟ್ಟಿ

ಗಾಯ ಸರಿಯಾಗಿ ಪಟ್ಟಿಯಷ್ಟೇ ಅಗಲವಿತ್ತು. ನಾಯಿಯ ಕೊರಳನ್ನು ಸುತ್ತಿ ಬಂದು, ಗಂಟಲ ಕೆಳಗೆ ಎಂಟಾಣೆ ನಾಣ್ಯದಷ್ಟು ಜಾಗದಲ್ಲಿ ಕಪ್ಪಾಗಿತ್ತು. ಕಜ್ಜಿಗೆ ಇಷ್ಟು ನೇರವಾದ ಅಂಚು ಇರುವುದಿಲ್ಲ.

೧೯೮೧ರ ಬೇಸಿಗೆ. ಬೆಂಗಳೂರಿನಲ್ಲಿ ಪಶುವೈದ್ಯಕೀಯ ಪದವಿ ಮುಗಿಸಿದ ನನಗೆ ಖಾನಾಪುರದ ಪಶು ಆಸ್ಪತ್ರೆ ಮೊದಲ ನೇಮಕ. ಎಮ್ಮೆ, ಎತ್ತು, ಆಡು ಹಿಡಿದು ಬರುವವರು ಡಾಕ್ಟರು ಎಲ್ಲಿ ಎಂದು ಸೀರೆಯುಟ್ಟ ನನ್ನನ್ನೇ ಕೇಳುತ್ತಿದ್ದರು. ನಾನೇ ಎಂದರೆ, ಹೊರಗಿನ ಬೋರ್ಡನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದರು. ಸಾಕುನಾಯಿಯನ್ನು ತರುವವರು ಅಪರೂಪ.

ಮೋತ್ಯಾನನ್ನು ಕರೆತಂದವರು ಕೃಷ್ಣಾಬಾಯಿ ಎಂಬ ಅಜ್ಜಿ. ಮರಿಯಾಗಿದ್ದಾಗಿನಿಂದ ಹಾಲು ರೊಟ್ಟಿ ಹಾಕಿ ಬೆಳೆಸಿದ್ದು ಅವರೇ. ಜೊತೆಗೆ ಬಂದ ಮಗ ಪರಶುರಾಮ ಕಟ್ಟಿಗೆ ವ್ಯಾಪಾರಿ. ಅವನ ನಾಲ್ಕು ವರ್ಷದ ಮಗಳು ಸುಲೂಗೆ ಮುಂಗೈ, ಕೆನ್ನೆಗಳ ಮೇಲೆ ನೀರುಗುಳ್ಳೆ ಎದ್ದಿದ್ದವು. ನಾಯಿಯ ಕಜ್ಜಿ ಮಗುವಿಗೆ ಹತ್ತಿದೆ, ಇಂಜೆಕ್ಷನ್ ಕೊಟ್ಟು ನಾಯಿಯನ್ನು ಮುಗಿಸಿಬಿಡಿ ಎಂದ. ಮೊದಲ ಮಗುವನ್ನು ಅವನು ಜ್ವರದಲ್ಲಿ ಕಳೆದುಕೊಂಡಿದ್ದ. ಅವನ ಹೆದರಿಕೆ ಸುಳ್ಳಾಗಿರಲಿಲ್ಲ.

ಅವನು ಬೀಡಿ ಸೇದಲು ಹೊರಗೆ ಹೋದಾಗ ಗಾಯದ ಅಂಚಿನಿಂದ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಜ್ಜಿಯ ಹುಳ ಇರಲಿಲ್ಲ. ಬಿಚ್ಚಿಟ್ಟಿದ್ದ ಪಟ್ಟಿಯನ್ನು ಮಗುಚಿದೆ. ಒಳಬದಿಗೆ ಕಪ್ಪು ದಾರದಲ್ಲಿ ಪೋಣಿಸಿದ ಒಂದು ಬಿಬ್ಬಾ ಇತ್ತು. ಅಗಸರು ಬಟ್ಟೆಗೆ ಗುರುತು ಹಾಕುವ ಕಪ್ಪು ಬೀಜ ಅದು. ದೃಷ್ಟಿ ತಾಗದಿರಲೆಂದು ಲಿಂಬೆ, ಮೆಣಸಿನಕಾಯಿಯ ಜೊತೆ ಬಾಗಿಲಿಗೂ ಕಟ್ಟುತ್ತಾರೆ.

ನಾವು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ನಾಯಿಗಳಿಗೆ ಪಾಯ್ಸನ್ ಐವಿ ಎಂಬ ಬಳ್ಳಿ ತಾಗಿ ಚರ್ಮ ಸುಡುವ ವಿವರವಿತ್ತು. ಆ ಬಳ್ಳಿ ಇಲ್ಲಿಲ್ಲ. ಬಿಬ್ಬಾ ಅದೇ ಕುಟುಂಬಕ್ಕೆ ಸೇರಿದ ಮರದ ಬೀಜ, ಅದರ ಎಣ್ಣೆ ಸುಡುವ ರೀತಿಯೂ ಅದೇ. ಬೀಜ ಇಡಿಯಾಗಿದ್ದರೆ ತೊಂದರೆ ಕಡಿಮೆ. ಪೋಣಿಸಲು ದಬ್ಬಣದಿಂದ ತೂತು ಮಾಡಿದರೆ ಎಣ್ಣೆ ಜಿನುಗುತ್ತದೆ. ದಟ್ಟ ಕೂದಲು ನಾಯಿಯನ್ನು ಸ್ವಲ್ಪ ಕಾಯುತ್ತದೆ, ಪಟ್ಟಿ ಉಜ್ಜುವಲ್ಲಿ ಕಾಯುವುದಿಲ್ಲ. ಕೂದಲಿಗೆ ಅಂಟಿದ ಎಣ್ಣೆ ತಬ್ಬಿಕೊಂಡವರ ಮೈಗೂ ಹತ್ತುತ್ತದೆ. ಸುಲೂ ದಿನವಿಡೀ ಅದರ ಕೊರಳಿಗೆ ಜೋತುಬೀಳುತ್ತಿದ್ದಳು.

ಕೃಷ್ಣಾಬಾಯಿ ನನ್ನ ಕೈಯಲ್ಲಿದ್ದ ಬೀಜವನ್ನೇ ನೋಡುತ್ತಿದ್ದರು. ಓಣಿಯವರೆಲ್ಲ ನಾಯಿಯನ್ನು ಹೊಗಳುತ್ತಿದ್ದರಂತೆ. ಅದಕ್ಕೇ ಹೋದ ವಾರ ತಾವೇ ಕಟ್ಟಿದ್ದಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

"ಬಾಯಾರ, ಇದನ್ನ ಅವಗ ಹೇಳಬ್ಯಾಡ್ರಿ."

ಹೇಳದಿದ್ದರೆ ನಾಯಿ ಸಾಯುತ್ತದೆ ಎಂದೆ.

"ನಾಯಿ ಇನ್ನೊಂದ ಸಿಗತೈತ್ರಿ. ನನ್ನಿಂದ ಹಿಂಗಾತು ಅಂತ ಗೊತ್ತಾದ್ರ, ಆ ಮನ್ಯಾಗ ನನ್ನ ಕೈಯಾಗ ಕೂಸ ಯಾರ ಕೊಡತಾರ?"

ನಾನು ಪರಶುರಾಮನನ್ನು ಒಳಗೆ ಕರೆದು, ಯಾರು ಕಟ್ಟಿದರೆಂದು ಹೇಳದೆ, ಬೀಜದ ಎಣ್ಣೆಯ ವಿಷಯವನ್ನಷ್ಟೇ ವಿವರಿಸಿದೆ. ನಾಯಿಗೂ ಮಗುವಿಗೂ ಸೋಪು ಹಚ್ಚಿ ತೊಳೆದು ಕೆಲವು ದಿನ ಕಾಯಿರಿ ಎಂದೆ. ಅವನು ನಕ್ಕ.

"ಬಿಬ್ಬಾ ನಮ್ಮ ಬಾಗಲಕ್ಕೂ ಐತ್ರಿ. ಬಾಗಲಕ್ಕ ಖಜ್ಜಿ ಬಂದಿಲ್ಲಲ್ಲ?"

ಹೊರಗೆ ಎತ್ತು ಹಿಡಿದು ನಿಂತವರೂ ನಕ್ಕರು. ಬಾಗಿಲನ್ನು ಯಾರೂ ತಬ್ಬಿಕೊಂಡು ಮಲಗುವುದಿಲ್ಲ ಎಂದೆ. ಅವನು ತಾಯಿಯ ಕಡೆ ತಿರುಗಿದ. "ಅವ್ವಾ, ನೀ ಕಟ್ಟೀದೇನು?"

"ನಾ ಯಾಕ ಕಟ್ಟಲಿ? ಪಟ್ಟಿ ತಂದಾಗಿಂದ ಐತಿ ಅದು."

ತಂದಾಗಿನಿಂದ ಇದ್ದದ್ದು ಇಷ್ಟು ದಿನ ಸುಡದೆ ಈಗ ಯಾಕೆ ಸುಡಬೇಕು ಎಂದು ಅವನು ನನ್ನನ್ನು ಕೇಳಿದ. ಹೋದ ವಾರ ತಾವೇ ಕಟ್ಟಿದ್ದಾಗಿ ಅಜ್ಜಿ ಹೇಳಿದ್ದನ್ನು ಆಗ ನಾನು ಹೇಳಲೇಬೇಕಾಯಿತು. ಕೃಷ್ಣಾಬಾಯಿ ಮೋತ್ಯಾನ ತಲೆ ಸವರುತ್ತ ನಿಂತಿದ್ದರು.

"ನಿನ್ನೆ ಮೊನ್ನೆ ಬಂದ ಹುಡಿಗಿ ಮಾತ ಕೇಳಿ ನಮ್ಮವ್ವನ್ನ ಸುಳ್ಳಿ ಮಾಡ್ಲೇನು?" ಎಂದ ಪರಶುರಾಮ.

ಇಂಜೆಕ್ಷನ್ ಕೊಡುವುದಿಲ್ಲ ಎಂದೆ. ಬೀಜ ನನ್ನ ಬಳಿಯೇ ಉಳಿಯಿತು. ಪಟ್ಟಿಯನ್ನು ಅವನು ಮೇಜಿನಿಂದ ಎತ್ತಿ ಮತ್ತೆ ಆ ಗಾಯದ ಮೇಲೆಯೇ ಬಿಗಿದ. ಅಲ್ಲೇ ಇಂಜೆಕ್ಷನ್ ಕೊಡಿಸುತ್ತೇನೆಂದು ನಾಯಿಯನ್ನು ಟೆಂಪೋಗೆ ಹತ್ತಿಸಿ ಬೆಳಗಾವಿಗೆ ಹೊರಟ. ಸಂಜೆ ಟೆಂಪೋ ಮರಳಿದ್ದನ್ನು ನಮ್ಮ ಕಂಪೌಂಡರ್ ನೋಡಿದ್ದರು. ನಾಯಿ ಇರಲಿಲ್ಲವಂತೆ. ಮಗಳು ಅಳುತ್ತಾಳೆಂದು ಪಟ್ಟಿಯನ್ನು ಮಾತ್ರ ತಂದಿದ್ದನಂತೆ.

ರೋಗದ ಕಾರಣ ಹುಡುಕುವುದನ್ನು ಕಾಲೇಜಿನಲ್ಲಿ ಚೆನ್ನಾಗಿ ಕಲಿಸಿದ್ದರು. ಆ ಕಾರಣ ಒಂದು ಮನೆಗೆ ಬೇಡವಾಗಿದ್ದರೆ ಅದರ ಬೆಲೆಯನ್ನು ಪ್ರಾಣಿ ತೆರುತ್ತದೆ ಎಂಬುದನ್ನು ಖಾನಾಪುರದಲ್ಲಿ ಕಲಿತೆ. ಕಲಿತದ್ದರಿಂದ ಮೋತ್ಯಾನಿಗೆ ಏನೂ ಪ್ರಯೋಜನವಾಗಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮೊದಲೇ ಅವರ ಮನೆಗೆ ಹೋದೆ. ಸುಲೂ ಕಟ್ಟೆಯ ಮೇಲೆ ಕೂತು, ಬೀಜದ ಎಣ್ಣೆ ಹಿಡಿದಿದ್ದ ಆ ಪಟ್ಟಿಯನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. "ಮೋತ್ಯಾಂದು," ಎಂದಳು. ಕೇಳಿದರೆ ಕೊಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಟ್ಟಿಯನ್ನು ಕಿತ್ತುಕೊಂಡೆ. ಅವಳು ಚೀರಿ ಅತ್ತಾಗ ಕೃಷ್ಣಾಬಾಯಿ ಬಾಗಿಲಿಗೆ ಬಂದರು. ನನ್ನ ಕೈಯಲ್ಲಿದ್ದುದನ್ನು ನೋಡಿ ಒಳಗೆ ಹೋದರು. ಒಂದು ತಂಬಿಗೆ ನೀರು, ಸೋಪು ತಂದು ನನ್ನ ಮುಂದೆ ಇಟ್ಟರು. ನಾನು ಮಗುವಿನ ಕೈ, ಕೆನ್ನೆ ತೊಳೆದೆ.