ಪೇಪರಿನಲ್ಲಿ ವಿಯೆನ್ನಾ, ಜಂಬಕ್ಕನ ಅಂಗಡಿಯಲ್ಲಿ ವೀನ್

ಕೊಟ್ಟೂರಿನ ಬಸ್ ನಿಲ್ದಾಣದ ಹೊರಗೆ ಬಂಡಲ್‌ಗಳನ್ನು ಉರುಳಿಸಿ ಪೇಪರ್ ವ್ಯಾನು ಹೊರಟುಹೋಗಿದೆ. ಇನ್ನೂ ಬಾಗಿಲು ತೆರೆಯದ ಅಂಗಡಿಯೊಂದರ ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು ಯಶೋಧಾ ಪುರವಣಿ ಸೇರಿಸುತ್ತಿದ್ದಾರೆ. ಎಡಗೈ ಹಾಳೆ ಬಿಡಿಸುತ್ತದೆ, ಬಲಗೈ ಪುರವಣಿ ತೂರಿಸುತ್ತದೆ. ಇಷ್ಟು ವರ್ಷಗಳ ಅಭ್ಯಾಸದಲ್ಲಿ ಕಣ್ಣಿಗೆ ಇಲ್ಲಿ ಕೆಲಸವೇ ಉಳಿದಿಲ್ಲ. ಹಾಗಾಗಿ ಕಣ್ಣು ತನ್ನ ಪಾಡಿಗೆ ಸುದ್ದಿ ಓದಿಕೊಳ್ಳುತ್ತದೆ. ಇವತ್ತು ಮಾತ್ರ ಕೈ ಅರ್ಧಕ್ಕೇ ನಿಂತಿದೆ. ವಿದೇಶದ ಪುಟದ ಕೆಳಮೂಲೆಯಲ್ಲಿ ಬೆರಳಗಲದ ಸುದ್ದಿ: ವಿಯೆನ್ನಾ ನಗರದ ವೃದ್ಧಾಶ್ರಮವೊಂದರಲ್ಲಿ ಬೆಂಕಿ. ಸಿಬ್ಬಂದಿಯೂ ಸೇರಿ ಕೆಲವರ ಸಾವು. ಹೆಸರುಗಳು ತಿಳಿದುಬಂದಿಲ್ಲ.

ಪಕ್ಕದಲ್ಲೇ ಬೈಕ್ ರಿಪೇರಿ ಅಂಗಡಿಯ ಕಮಾಲಸಾಬರು ಷಟರ್ ಎತ್ತುತ್ತಿದ್ದಾರೆ. "ಏನಕ್ಕಾ, ಕೈ ಯಾಕ ನಿಂತು? ಚಳಿಗೆ ಹಾಳಿ ಅಂಟಿಕೊಂಡಾವೇನು?" ಎಂದು ನಗುತ್ತಾರೆ.

"ಕಮಾಲಣ್ಣ, ನಮ್ಮ ಭಾಗ್ಯ ಇರೋ ಊರಾಗ ಬೆಂಕಿ ಬಿದ್ದೈತಿ."

"ಭಾಗ್ಯ ವೀನ್‌ದಾಗ ಅದಾಳ ಅಲ್ಲೇನು? ಇಲ್ಲಿ ಬ್ಯಾರೆ ಬರದಾರಲ್ಲ," ಎಂದು ಅವರು ಬಗ್ಗಿ ಸುದ್ದಿ ನೋಡುತ್ತಾರೆ.

"ಎರಡೂ ಒಂದ ಊರು. ಅಲ್ಲಿಯೋರು ವೀನ್ ಅಂತಾರ, ನಮ್ಮ ಪೇಪರ್‌ನೋರು ವಿಯೆನ್ನಾ ಅಂತಾರ."

ಕಮಾಲಸಾಬರ ನಗು ಅಲ್ಲಿಗೇ ನಿಲ್ಲುತ್ತದೆ. ಅವರು ಎಣ್ಣೆಗೈ ಒರೆಸಿಕೊಂಡು, ಉಳಿದ ಪೇಪರುಗಳನ್ನು ತಮ್ಮತ್ತ ಎಳೆದು ಪುರವಣಿ ಸೇರಿಸತೊಡಗುತ್ತಾರೆ.

ಭಾಗ್ಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಜಂಬಕ್ಕನ ಕಿರಿಮಗಳು. ನರ್ಸಿಂಗ್ ಓದಿ, ಆ ದೇಶದ ಭಾಷೆ ಕಲಿತು, ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ. ಹೊರಡುವ ಮುನ್ನ ಆಕೆ ಯಶೋಧಾ ಅವರನ್ನು ಅಂಗಡಿಯ ಹಿಂದಕ್ಕೆ ಕರೆದು ಒಂದು ಮಾತು ಹೇಳಿದ್ದಳು: "ಅಕ್ಕಾ, ಅವ್ವಗ ಓದಾಕ ಬರಂಗಿಲ್ಲ. ಅಲ್ಲಿಯೋರು ಅಂದಂಗ ವೀನ್ ಅಂತ ಆಕಿಗೆ ಕಲಿಸೀನಿ. ಪೇಪರ್‌ನಾಗ ವಿಯೆನ್ನಾ ಅಂತ ಬಂದ್ರ ಅದು ನಮ್ಮೂರು. ನೀನು ನೋಡ್ಕೋ." ಆ 'ನೋಡ್ಕೋ' ಎಂಬ ಮಾತು ಇಷ್ಟು ದಿನ ಹಗುರವಾಗಿತ್ತು. ಒಮ್ಮೆ ಪೇಪರಿನಲ್ಲಿ ಅಲ್ಲಿನ ಗೊಂಬೆಯಾಟದ ವಿಷಯ ಬಂದಿತ್ತು, ಇನ್ನೊಮ್ಮೆ ಅಲ್ಲಿ ಹಿಮ ಬಿದ್ದ ಸುದ್ದಿ. ಯಶೋಧಾ ಒಲೆಯ ಮುಂದೆ ನಿಂತು ಅದನ್ನೆಲ್ಲ ಓದಿ ಹೇಳಿದ್ದರು.

ಪೇಪರ್ ಹಾಕುವ ಈ ಕೆಲಸ ಮೊದಲು ಅವರ ಗಂಡ ಕೊಟ್ರಸ್ವಾಮಿಯವರದು. ಗಾಡಿಯಿಂದ ಬಿದ್ದು ಅವರ ಸೊಂಟ ಹಿಡಿದುಕೊಂಡ ಮೇಲೆ ಯಶೋಧಾ ಅದೇ ಟಿವಿಎಸ್ ಗಾಡಿ ಹತ್ತಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟ ಮೊದಲ ದಿನ ಮಂದಿ ತಿರುಗಿ ನೋಡಿದ್ದುಂಟು. ಈಗ ದಿನಕ್ಕೆ ಇನ್ನೂರರ ಮೇಲೆ ಮನೆ-ಅಂಗಡಿ. ಮಳೆಗಾಲದಲ್ಲಿ ಪೇಪರನ್ನು ತಮ್ಮ ಮೈಗಿಂತ ಹೆಚ್ಚು ಜೋಪಾನ ಮಾಡುತ್ತಾರೆ. ಊರು ಅವರನ್ನು 'ಪೇಪರ್ ಯಶೋಧಕ್ಕ' ಎನ್ನುತ್ತದೆ.

ಹೆಸರುಗಳ ವಿಷಯ ಅವರ ತಲೆಗೆ ಹತ್ತಿಸಿದವರು ಮಸೀದಿ ಓಣಿಯ ಜೈನಾಬ್ ಬೀ. ಅವರ ಮಗ ಅಜೀಮ ಇರುವುದು ಸೌದಿಯ ಜಿದ್ದಾದಲ್ಲಿ. "ನಿನ್ನ ಪೇಪರ್‌ನಾಗ ನಮ್ಮ ಜಿದ್ದಾ ಊರೇ ಬರಂಗಿಲ್ಲಲ್ಲವ್ವ, ಎಂಥಾ ಪೇಪರ್ ಅದು?" ಎಂದು ಅವರು ರೇಗಿಸಿದ್ದರು. ಬರುತ್ತಿತ್ತು, ಆದರೆ ಜೆಡ್ಡಾ ಎಂದು. ಅಂದಿನಿಂದ ಯಾವ ಮನೆಗೆ ಹೋದರೂ ಯಶೋಧಾ ಆ ಮನೆಯವರು ಕರೆಯುವ ಹೆಸರಿನಿಂದಲೇ ಆ ಊರಿನ ಸುದ್ದಿ ಹೇಳುತ್ತಾರೆ. ಯಾವುದು ಸರಿ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. "ನಮ್ಮ ಹಡಗಲಿ ನೋಡ್ರಿ, ಬೋರ್ಡಿನ ಮ್ಯಾಲ ಹೂವಿನಹಡಗಲಿ. ಕಂಡಕ್ಟರ್ ಹಡಗಲಿ ಅಂತ ಒದರಿದ್ರನ ಮಂದಿ ಬಸ್ ಹತ್ತತಾರ. ಬೋರ್ಡು ತಪ್ಪೇನು, ಕಂಡಕ್ಟರ್ ತಪ್ಪೇನು?"

ಕೆಟ್ಟ ಸುದ್ದಿಗೆ ಅವರದೊಂದು ಪದ್ಧತಿ ಇದೆ. ಆ ದಿನ ಆ ಮನೆಗೆ ಪೇಪರ್ ಎಸೆಯುವುದಿಲ್ಲ. ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಒಳಗೆ ಕುಳಿತು ಬಾಯಿಂದ ಹೇಳುತ್ತಾರೆ.

ಇವತ್ತು ಆ ಪದ್ಧತಿಗೇ ಅವರ ಧೈರ್ಯ ಸಾಲುತ್ತಿಲ್ಲ. ಭಾಗ್ಯಳಿಗೆ ಕಳಿಸಿದ ವಾಟ್ಸಾಪ್ ಮೆಸೇಜಿಗೆ ಒಂದೇ ಟಿಕ್ ಬಿದ್ದಿದೆ, ಎಂದರೆ ಅದಿನ್ನೂ ಮುಟ್ಟಿಲ್ಲ. ಅಲ್ಲಿ ಇನ್ನೂ ನಡುರಾತ್ರಿ. ಪಾಳಿಯಲ್ಲಿದ್ದರೆ ಆಕೆ ಫೋನ್ ಆಫ್ ಮಾಡಿಡುತ್ತಾಳೆ ಎಂಬುದು ಯಶೋಧಾಗೆ ಗೊತ್ತು. ಗೊತ್ತಿದ್ದರೂ ಎದೆ ಕೇಳುವುದಿಲ್ಲ. ದಿನಾ ಮೊದಲ ಪೇಪರ್ ಬೀಳುವುದು ಜಂಬಕ್ಕನ ಒಗ್ಗರಣೆ-ಮಿರ್ಚಿ ಅಂಗಡಿಗೆ. ಇಂದು ಗಾಡಿ ಆ ಓಣಿಯ ಬಾಯಿಗೆ ಬಂದು ಬೇರೆ ಕಡೆ ತಿರುಗುತ್ತದೆ. ಕೂಡ್ಲಿಗಿ ರಸ್ತೆ, ಹೊಸ ಬಡಾವಣೆ, ಮಸೀದಿ ಓಣಿ. ಪ್ರತಿ ತಿರುವಿನಲ್ಲೂ ನಿಂತು ಫೋನ್ ನೋಡುತ್ತಾರೆ. ಅದೇ ಒಂದು ಟಿಕ್.

ಹೇಳದೇ ಇದ್ದರೆ ಏನಾದೀತು? ಅಂಗಡಿಯಲ್ಲಿ ಯಾರೋ ಪೇಪರ್ ಓದುತ್ತಾರೆ, ವಿಯೆನ್ನಾ ಎನ್ನುತ್ತಾರೆ. ಜಂಬಕ್ಕನಿಗೆ ಅದು ಯಾವುದೋ ದೇಶದ ಯಾವುದೋ ಊರು. ಅವರು ನೆಮ್ಮದಿಯಿಂದ ಮಿರ್ಚಿ ಕರಿಯುತ್ತಿರುತ್ತಾರೆ. ಮೆಸೇಜ್ ಬಂದ ಮೇಲೆ ಹೇಳಿದರಾಯಿತು. ಬರದಿದ್ದರೆ? ಆ ಪ್ರಶ್ನೆ ಬಂದೊಡನೆ ಯಶೋಧಾ ಗಾಡಿ ತಿರುಗಿಸುತ್ತಾರೆ. ಕೈಯಲ್ಲಿ ಇನ್ನು ಒಂದೇ ಪೇಪರ್ ಉಳಿದಿದೆ.

"ಬಾರವ್ವ ರಾಣಿ! ಸೂರ್ಯ ನೆತ್ತಿಗೆ ಬರಲಿ ಅಂತ ಕಾದಿದ್ಯಾ?" ಜಂಬಕ್ಕ ಬಾಣಲೆಯಿಂದ ತಲೆ ಎತ್ತದೆ ಕಿಚಾಯಿಸುತ್ತಾರೆ. ಬೆಂಚಿನ ಮೇಲೆ ಕೂತ ನಿವೃತ್ತ ಮಾಸ್ತರ್ ಶಿವಯೋಗಪ್ಪ ತಮ್ಮ ಮನೆಯ ಪೇಪರನ್ನು ಜತೆಗೇ ತಂದಿದ್ದಾರೆ. ಓದಿಯೂ ಆಗಿದೆ. "ವಿಯೆನ್ನಾದಾಗ ಮುದುಕರ ಆಶ್ರಮ ಸುಟ್ಟೈತಿ ನೋಡು ಜಂಬಕ್ಕ," ಎನ್ನುತ್ತಾರೆ.

"ಅಯ್ಯೋ ಪಾಪ, ಯಾರು ಹೆತ್ತ ಮಕ್ಕಳೋ," ಎಂದು ಜಂಬಕ್ಕ ಇನ್ನೊಂದು ಮೆಣಸಿನಕಾಯಿಯನ್ನು ಹಿಟ್ಟಿಗೆ ಅದ್ದುತ್ತಾರೆ.

ಯಶೋಧಾ ಚಪ್ಪಲಿ ಬಿಡುತ್ತಾರೆ. ಒಲೆಯ ಹತ್ತಿರ ಹೋಗಿ ಗ್ಯಾಸ್ ಆರಿಸಿ, ಹಿಟ್ಟು ಮೆತ್ತಿದ ಆ ಕೈಯನ್ನು ಹಾಗೆಯೇ ಹಿಡಿದುಕೊಳ್ಳುತ್ತಾರೆ. ಆ ಬಿಟ್ಟ ಚಪ್ಪಲಿ ಕಂಡೊಡನೆ ಜಂಬಕ್ಕನ ಮುಖ ಇಳಿದುಹೋಗುತ್ತದೆ.

"ಅಕ್ಕಾ, ಮಾಸ್ತರು ಹೇಳಿದ್ದು ನಮ್ಮ ವೀನ್ ಊರೇ. ದೊಡ್ಡ ಊರದು, ಅಂಥಾ ಆಶ್ರಮ ಎಷ್ಟೋ ಇರತಾವ. ಭಾಗ್ಯಗ ಮೆಸೇಜ್ ಹಾಕೀನಿ. ಇನ್ನೂ ಮುಟ್ಟಿಲ್ಲ."

ಜಂಬಕ್ಕ ಅಳುವುದಿಲ್ಲ. "ನಿನಗ ಯಾವಾಗ ಗೊತ್ತಾತು?"

"ಬಂಡಲ್ ಬಿಚ್ಚಿದಾಗ."

"ಗೊತ್ತಿದ್ದೂ ಊರೆಲ್ಲ ತಿರುಗಿ ಬಂದಿ?"

ಯಶೋಧಾ ಹಿಡಿದ ಕೈಯನ್ನು ಬಿಡುವುದಿಲ್ಲ. ಶಿವಯೋಗಪ್ಪ ಪೇಪರನ್ನು ಸುದ್ದಿ ಕಾಣದಂತೆ ಮಡಿಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಒಗ್ಗರಣೆಗೆ ಬಂದವರು ತಟ್ಟೆ ಕೇಳುವುದಿಲ್ಲ, ಎದ್ದೂ ಹೋಗುವುದಿಲ್ಲ. ಯಾರೋ ಒಬ್ಬರು ಹೊರಗೆ ನಿಂತು ಹೊಸದಾಗಿ ಬರುವವರಿಗೆ "ಸ್ವಲ್ಪ ತಡೀರಿ" ಎಂದು ಮೆಲ್ಲಗೆ ಹೇಳುತ್ತಿದ್ದಾರೆ. ಕಮಾಲಸಾಬರು ಅಂಗಡಿ ತೆರೆದಿಟ್ಟೇ ಬಂದಿದ್ದಾರೆ. ಫೋನಿನ ಚಾರ್ಜ್ ಮುಗಿದೀತೆಂದು ಜತೆಗೆ ಚಾರ್ಜರ್ ತಂದಿದ್ದಾರೆ.

ಬಾಣಲೆಯ ಎಣ್ಣೆ ತಣ್ಣಗಾಗಿ ಮೇಲೆ ಪೊರೆ ಕಟ್ಟುವ ಹೊತ್ತಿಗೆ ಯಶೋಧಾ ಅವರ ಫೋನ್ ಸದ್ದು ಮಾಡುತ್ತದೆ. ಭಾಗ್ಯಳ ವಾಯ್ಸ್ ಮೆಸೇಜ್; ಹಿಂದೆ ಯಾರೋ ಮುದುಕರ ಕೆಮ್ಮು. "ಅಕ್ಕಾ, ಈಗ ನೋಡಿದೆ. ನಾನು ಆರಾಮ ಅದೀನಿ. ಬೆಂಕಿ ಬಿದ್ದಿದ್ದು ಹೊಳಿ ಆಚಿ ದಂಡಿಗೆ, ನಮ್ದು ಈಚಿ ದಂಡಿ. ಅವ್ವಗ ಹೇಳಿಲ್ಲ ಹೌದಲ್ಲೋ?"

ಅವ್ವ ಅದನ್ನು ಮೂರು ಸಲ ಹಾಕಿಸಿ ಕೇಳುತ್ತಾರೆ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಉಸಿರು ಬಿಡುತ್ತಾರೆ. ಜಂಬಕ್ಕ ಮಾತ್ರ ಇನ್ನೂ ಒಲೆ ಹೊತ್ತಿಸಿಲ್ಲ.

"ಆಚಿ ದಂಡಿಯೋರ ತಾಯಂದಿರಿಗೆ ಯಾರು ಹೇಳಿದ್ರೋ, ಯಾವ ಹೆಸರಿಲೆ ಹೇಳಿದ್ರೋ," ಎನ್ನುತ್ತಾರೆ. ಆಮೇಲೆ ಯಶೋಧಾ ಅವರತ್ತ ತಿರುಗಿ, "ನಾಳಿಯಿಂದ ಮೊದಲು ನನ್ನ ಅಂಗಡಿ. ಕೆಟ್ಟದ್ದು ಇದ್ರೂ ಮೊದಲು ನಂದು. ತಿಳೀತಿಲ್ಲೋ?"

"ತಿಳೀತಕ್ಕಾ."

ಯಶೋಧಾ ಗಾಡಿಯ ಖಾಲಿ ಚೀಲ ಮಡಿಚುತ್ತಾರೆ. ಕೈಗೆ ಅಂಟಿದ ಕಡಲೆಹಿಟ್ಟು ಒಣಗಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಅವರು ನಾಚಿಕೊಳ್ಳುತ್ತಾರೆ.

"ದೊಡ್ಡ ಆಸಿ ಏನಿಲ್ರಿ. ನಮ್ಮ ಮಂದಿ ಇರೋ ಊರಿನ ಹೆಸರು ಪೇಪರ್‌ನಾಗ ಕೆಟ್ಟ ಸುದ್ದಿಗೆ ಬರದಂಗ ಇದ್ರ ಸಾಕು. ಬಂದ್ರ, ಎಸೆದು ಬರಂಗಿಲ್ಲ. ಚಪ್ಪಲಿ ಬಿಟ್ಟು ಒಳಗ ಹೋಗತೀನಿ."